ಇಳಿಜಾರನ್ನು ಹತ್ತುವವರು

ನಮ್ಮ ಆಟದಲ್ಲಿ ಸೈಕಲ್ ಮೇಲಿನಿಂದ ಕೆಳಕ್ಕೆ ಬರಬೇಕು. ಆಟವೆಂದರೆ ಅಷ್ಟೇ. ಬೆಟ್ಟದ ತುದಿಯಲ್ಲಿ ಒಂದು ಅಂಚೆ ಕಚೇರಿ, ಬುಡದಲ್ಲಿ ಒಂದು ಬಂದರು, ನಡುವೆ ಹಾವಿನಂತೆ ಸುತ್ತುವ ರಸ್ತೆ. ಪಾರ್ಸೆಲ್ ಹೇರಿಕೊಂಡು ಹೊರಟು, ಮನೆಮನೆಯ ಬಾಗಿಲಿಗೆ ಎಸೆಯುತ್ತ ಇಳಿಯಬೇಕು. ಬೇಗ ಬಂದರು ಮುಟ್ಟಿದವರು ಗೆದ್ದರು. ಹೆಸರೇ ‘ಇಳಿಜಾರು’. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಆದರೂ ಕೆಲವರ ತಲೆಗೆ ಅದು ಹೋಗಿರಲಿಲ್ಲ. ಅವರು ಬಂದರಿನಲ್ಲಿ ಕೊನೆಯ ಪಾರ್ಸೆಲ್ ಕೊಟ್ಟು, ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿ, ಬಂದ ದಾರಿಯನ್ನೇ ಹತ್ತಲು ಶುರುಮಾಡುತ್ತಿದ್ದರು.

ಆ ಸೈಕಲ್ ಹತ್ತಲೆಂದು ಮಾಡಿದ್ದಲ್ಲ. ಮಾಡಿದವಳು ನಾನು, ನನಗೆ ಗೊತ್ತು. ಚಿತ್ರ ಬರೆಯುವುದು ನಮ್ಮ ಜೊತೆ ಕೆಲಸ ಮಾಡುವ ಬಣ್ಣದಕ್ಕನ ಕೆಲಸ. ಚಕ್ರ ಹೇಗೆ ಉರುಳಬೇಕು, ಬ್ರೇಕ್ ಹೇಗೆ ಹಿಡಿಯಬೇಕು, ತಿರುವಿನಲ್ಲಿ ಸೈಕಲ್ ಎಷ್ಟು ವಾಲಬೇಕು ಎಂಬ ಪ್ರೋಗ್ರಾಂ ನನ್ನದು. ಪೆಡಲಿಗೆ ನಾನು ಕೊಟ್ಟ ಬಲ ಸಮತಟ್ಟಿನಲ್ಲಿ ಸಾಲುತ್ತಿತ್ತು, ಏರಿನಲ್ಲಿ ಸಾಲುತ್ತಿರಲಿಲ್ಲ. ಆದರೂ ಹ್ಯಾಂಡಲ್ ಕುಲುಕಿ, ಬ್ರೇಕ್ ಒತ್ತಿ, ಬಿಟ್ಟು, ಮತ್ತೆ ಕುಲುಕಿ, ಈ ಜನ ಗೇಣು ಗೇಣು ಮೇಲೇರುತ್ತಿದ್ದರು. ಮೇಲೆ ಏನಿದೆ? ಆಟ ಶುರುವಾಗುವ ಜಾಗವಿದೆ. ‘ಹೊಸ ಆಟ’ ಎಂಬ ಗುಂಡಿ ಒತ್ತಿದರೆ ರೆಪ್ಪೆ ಬಡಿಯುವಷ್ಟರಲ್ಲಿ ಅಲ್ಲೇ ನಿಂತಿರುತ್ತಾರೆ. ಅಲ್ಲಿಗೆ ಹೋಗಲು ಇವರು ಇಡೀ ಮಧ್ಯಾಹ್ನ ಒದ್ದಾಡುತ್ತಿದ್ದರು. ಒಬ್ಬರೂ ಇನ್ನೂ ಮುಟ್ಟಿರಲಿಲ್ಲ.

ಆಫೀಸಿನಲ್ಲಿ ನಾವು ಅವರಿಗೆ ಇಟ್ಟ ಹೆಸರು ‘ಉಲ್ಟಾ ಜನ’.

ಆಫೀಸೆಂದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿ ತೆಗೆದರೆ ಸುಟ್ಟ ರಬ್ಬರಿನ ವಾಸನೆ, ಮುಚ್ಚಿದರೆ ನಾಲ್ಕು ಕಂಪ್ಯೂಟರಿನ ಸೆಖೆ. ಯಜಮಾನರು ನಮ್ಮಮ್ಮನ ತಮ್ಮ, ನನ್ನ ಸೋದರಮಾವ. ಅವರು ಮೊದಲು ಬಸ್ ಕಂಪನಿಯೊಂದರಲ್ಲಿ ವೇಳಾಪಟ್ಟಿ ಮಾಡುತ್ತಿದ್ದವರು. ಇವತ್ತಿಗೂ ಅವರ ವಾದಗಳೆಲ್ಲ ಬಸ್ಸಿನಲ್ಲೇ ಬರುತ್ತವೆ, ಬಸ್ಸಿನಲ್ಲೇ ಹೋಗುತ್ತವೆ. ನನ್ನ ಸ್ವಂತ ಅಣ್ಣ ಆಟಗಾರರ ದೂರು ಓದಿ ಉತ್ತರ ಬರೆಯುವವನು. ಬೇರೆ ಯಾವ ಕೆಲಸದಲ್ಲೂ ನಿಲ್ಲದವನು ಇದರಲ್ಲಿ ನಿಂತ; ಬೈಸಿಕೊಳ್ಳುವುದು ಅವನಿಗೆ ಮನೆಯಲ್ಲೇ ಅಭ್ಯಾಸವಾಗಿತ್ತು. ಮಾವ ಅವನನ್ನು ದೂರಪ್ಪ ಎಂದೇ ಕರೆಯುವುದು.

ಆ ದಿನ ಸಂಜೆ ಆರರೊಳಗೆ ನಮ್ಮ ಹೊಸ ಆವೃತ್ತಿ ಹೊರಡಬೇಕಿತ್ತು. ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯವರು ನಮ್ಮನ್ನು ಮೊದಲ ಪುಟಕ್ಕೆ ಏರಿಸಲು ಒಪ್ಪಿದ್ದರು. ಆರರೊಳಗೆ ಕಳಿಸಿದ್ದು ವಾರವಿಡೀ ಅಲ್ಲಿರುತ್ತದೆ, ಆಮೇಲೆ ಒಂದು ಚುಕ್ಕೆಯನ್ನೂ ಬದಲಿಸುವಂತಿಲ್ಲ. ಹೊಸ ಆವೃತ್ತಿಯಲ್ಲಿ ಇದ್ದದ್ದು ಒಂದೇ ವಿಶೇಷ: ಸೈಕಲ್ಲಿನ ಅಲ್ಲಾಟ ನಿಂತಿತ್ತು. ಆಟ ಶುರುವಾದಾಗಿನಿಂದ ದೂರುಗಳಲ್ಲಿ ಮುಕ್ಕಾಲು ಪಾಲು ಅದೇ. ವೇಗ ಹೆಚ್ಚಾದರೆ ಹ್ಯಾಂಡಲ್ ಗಡಗಡ ನಡುಗುತ್ತದೆ, ತಿರುವಿನಲ್ಲಿ ಬೀಳಿಸುತ್ತದೆ. ನಾನು ತಿಂಗಳುಗಟ್ಟಲೆ ಕೂತು ಅದನ್ನು ಹಿಡಿದಿದ್ದೆ. ಸೈಕಲ್ ಈಗ ಬೆಣ್ಣೆಯಲ್ಲಿ ಕತ್ತಿ ಹೋದಂತೆ ಇಳಿಯುತ್ತಿತ್ತು. ಇಳಿಸಿ ನೋಡಿದಾಗಲೆಲ್ಲ ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕು ಅನಿಸುತ್ತಿತ್ತು.

ಆದರೆ ಅಲ್ಲಾಟ ಹೋದರೆ ಹತ್ತುವುದೂ ಹೋಗುತ್ತಿತ್ತು. ಇದನ್ನು ನಾನೇ ಎರಡು ವಾರದ ಹಿಂದೆ ಹೇಳಿದ್ದೆ. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ಅಣ್ಣನ ಹೊರತು.

“ಮಾವ, ಕೊನೇ ಸಲ ಕೇಳ್ತಿದೀನಿ,” ಎಂದ ಅಣ್ಣ, ಚಹಾದ ಲೋಟ ಇಡುತ್ತ. “ಅವರಿಗೆ ಏನಾದ್ರೂ ದಾರಿ ಮಾಡೋಣ.”

“ಎಷ್ಟು ಜನ ಅವರು?”

“ನೂರಕ್ಕೆ ಒಬ್ಬರು. ಒಂದೂವರೆ ಅಂತ ಇಟ್ಕೊಳ್ಳಿ.”

“ಆ ಅರ್ಧ ಮನುಷ್ಯ ಯಾರಪ್ಪ?” ಎಂದಳು ಬಣ್ಣದಕ್ಕ, ಪರದೆಯಿಂದ ಕಣ್ಣು ತೆಗೆಯದೆ.

“ನೋಡು ದೂರಪ್ಪ,” ಮಾವ ಕುರ್ಚಿ ಎಳೆದುಕೊಂಡರು. “ಬಸ್ಸಲ್ಲಿ ನೂರು ಜನ ಕೂತಿದ್ದಾರೆ. ಒಬ್ಬ ಎದ್ದು, ನಂಗೆ ಹಿಂದಕ್ಕೆ ಹೋಗ್ಬೇಕು ಅಂತಾನೆ. ಬಸ್ ತಿರುಗಿಸ್ತೀಯಾ?”

“ತಿರುಗಿಸ್ಬೇಡಿ. ಅವನು ಕೂತಿರೋ ಸೀಟು ಕಿತ್ತು ಕಿಟಕಿಯಿಂದ ಎಸೀಬೇಡಿ, ಅಷ್ಟೇ ಕೇಳ್ತಿರೋದು.”

“ಆ ಸೀಟಿಂದಾನೇ ಇಡೀ ಬಸ್ಸು ಗಡಗಡ ಅಂತಿದೆಯಲ್ಲೋ!”

“ಹಳೇ ಸೈಕಲ್ಲು ಬೇಕಾದವರಿಗೆ ಹಳೇದು, ಹೊಸದು ಬೇಕಾದವರಿಗೆ ಹೊಸದು. ಕೊಡೋಕಾಗಲ್ವಾ?”

ಮಾವ ನನ್ನ ಕಡೆ ನೋಡಿದರು. ನಾನೂ ಅವರ ಪಕ್ಷದವಳೇ. “ಎರಡು ಸೈಕಲ್ ಇಟ್ರೆ ಪ್ರತಿ ತಿರುವು, ಪ್ರತಿ ಸೇತುವೆ, ಎಲ್ಲಾ ಎರಡೆರಡು ಸಲ ಪರೀಕ್ಷೆ ಮಾಡ್ಬೇಕು ಅಣ್ಣ. ಪಂದ್ಯದಲ್ಲಿ ಒಬ್ಬ ಹಳೇದರಲ್ಲಿ ಇಳಿದ, ಒಬ್ಬ ಹೊಸದರಲ್ಲಿ ಇಳಿದ ಅಂದ್ರೆ ಗೆದ್ದಿದ್ದು ಯಾರು? ಇರೋರು ನಾವು ನಾಲ್ಕು ಜನ.”

“ನೀನು ಸೈಕಲ್ ಮಾಡಿದೋಳು ಕಣೇ ಪುಟ್ಟಿ. ಅವರು ನಿನ್ನ ಸೈಕಲ್ ಮೇಲೆ ಪ್ರಾಣ ಇಟ್ಟಿದ್ದಾರೆ.”

“ಪ್ರಾಣ ಇಟ್ಟೋರು ಹಾಗೆ ಬರೀತಾರಾ? ಹೋದ ವಾರ ಒಬ್ಬ ನನ್ನ ಮಿದುಳಿಗೆ ಪಂಕ್ಚರ್ ಆಗಿದೆ ಅಂದಿದ್ದ.”

“ಅದು ಇಳಿಯೋನು ಬರೆದಿದ್ದು. ಹತ್ತೋರು ಮರ್ಯಾದಸ್ಥರು. ‘ದಯವಿಟ್ಟು ನಮ್ಮನ್ನು ಸಾಯಿಸಬೇಡಿ’ ಅಂತ ಅಷ್ಟೇ ಬರೆಯೋದು.”

ಬಣ್ಣದಕ್ಕ ನಕ್ಕುಬಿಟ್ಟಳು. ಅಣ್ಣ ನಗಲಿಲ್ಲ. ಎದ್ದು ಗೋಡೆಯ ದೊಡ್ಡ ಪರದೆಗೆ ತನ್ನ ಕಂಪ್ಯೂಟರಿನ ತಂತಿ ಸಿಕ್ಕಿಸಿದ.

“ಸಾಯಿಸೋ ಮುಂಚೆ ಮುಖ ಆದ್ರೂ ನೋಡಿ. ಮೊಣಕಾಲಜ್ಜಿ ಹತ್ತುತ್ತಿದ್ದಾರೆ. ಬೆಳಿಗ್ಗೆಯಿಂದ. ಇವತ್ತು ಆರರೊಳಗೆ ಮೇಲೆ ಮುಟ್ಟದಿದ್ರೆ ಇನ್ನು ಯಾರೂ ಮುಟ್ಟೋ ಹಾಗಿಲ್ಲ ಅಂತ ಅವರಿಗೆ ಗೊತ್ತು.”

ಮೊಣಕಾಲಜ್ಜಿ ಎನ್ನುವುದು ಆಟದಲ್ಲಿ ಆಕೆ ಇಟ್ಟುಕೊಂಡ ಹೆಸರು. ಮುಖ ಕಾಣಿಸಲಿಲ್ಲ, ಕಂಡದ್ದು ಆಕೆಯ ಆಟ, ಕೇಳಿದ್ದು ದನಿ. ತಾನು ಆಡುವುದನ್ನು ಇಂಟರ್ನೆಟ್‌ನಲ್ಲಿ ನೇರಪ್ರಸಾರ ಮಾಡುತ್ತಿದ್ದರು. ಗಡಸು, ಸ್ವಲ್ಪ ಒಡೆದ ದನಿ. ಹಿಂದೆ ಎಲ್ಲೋ ಬಟ್ಟೆ ಒಗೆಯುವ ಯಂತ್ರ ತಿರುಗುವ ಸದ್ದು. ನೋಡುತ್ತಿದ್ದವರು ಇನ್ನೂರು ಮುನ್ನೂರು ಜನ. ಅವರ ಬರಹ ಪರದೆಯ ಪಕ್ಕದಲ್ಲಿ ಸರಸರ ಹರಿಯುತ್ತಿತ್ತು.

“ಅಜ್ಜಿ ಅಂತ ಯಾರೋ ಬರೀತಿದೀರಲ್ಲ,” ಎನ್ನುತ್ತಿತ್ತು ದನಿ, “ವಯಸ್ಸಾಗಿರೋದು ಮೊಣಕಾಲಿಗೆ ಮಾತ್ರ. ಬಾಕಿ ಎಲ್ಲ ಸರಿಯಾಗಿದೆ. ಏಯ್ ನಿಂತ್ಕೋ, ನಿಂತ್ಕೋ, ಎಲ್ಲಿಗೆ ಜಾರ್ತೀಯ ಕಳ್ಳ ನನ್ ಮಗನೇ.” ಕೊನೆಯದು ಸೈಕಲ್ಲಿಗೆ.

ಮಾವ ಗಡಿಯಾರ ನೋಡಿದರು. ಇನ್ನೂ ಎರಡು ಗಂಟೆಯ ಹೊತ್ತಿತ್ತು. “ಐದು ನಿಮಿಷ ನೋಡಿ ಆಫ್ ಮಾಡು,” ಎಂದು ಅಲ್ಲೇ ಕೂತರು. ಆಮೇಲೆ ಏಳಲಿಲ್ಲ.

ಮೊದಲು ಬೆಚ್ಚಿದ್ದು ಬಣ್ಣದಕ್ಕ. “ಅಯ್ಯೋ ದೇವರೇ, ಇದು ನನ್ನ ಬೆಟ್ಟಾನಾ?”

ಅವಳ ಬೆಟ್ಟವೇ. ಆದರೆ ಬುಡದಿಂದ ಮೇಲಕ್ಕೆ ನೋಡಿದ್ದು. ಇಳಿಯುವವರ ಕಣ್ಣಿಗೆ ಬೀಳುವ ಕಡೆಗೆ ಮಾತ್ರ ಅವಳು ಬಣ್ಣ ಹಚ್ಚಿದ್ದಳು. ಬೆನ್ನ ಕಡೆ ಯಾರು ನೋಡುತ್ತಾರೆ ಎಂದು ಹಾಗೇ ಬಿಟ್ಟಿದ್ದಳು. ಹತ್ತುವವರ ಲೋಕದಲ್ಲಿ ಮನೆಗಳಿಗೆ ಹಿಂಗೋಡೆಯಿಲ್ಲ, ಬೋರ್ಡುಗಳೆಲ್ಲ ಬೋಳು ಬಿಳಿ, ಮರಗಳು ಅರ್ಧ ಸೀಳಿದ ಸೌದೆ. ಆ ಮುನ್ನೂರು ಜನ ಇವಕ್ಕೆಲ್ಲ ಹೆಸರಿಟ್ಟಿದ್ದರು. “ಬೆನ್ನಿಲ್ಲದ ಮನೆ ದಾಟಿದ್ರು!” ಎಂದು ಒಬ್ಬ ಬರೆದ. “ಬಿಳೀ ಬೋರ್ಡಿನ ಹತ್ತಿರ ಎಡಕ್ಕೆ ಹಿಡೀರಿ,” ಎಂದು ಇನ್ನೊಬ್ಬ.

“ನನ್ನ ಸೋಮಾರಿತನಕ್ಕೆ ನಕ್ಷೆ ಮಾಡ್ಕೊಂಡಿದ್ದಾರಲ್ಲೋ,” ಎಂದು ಬಣ್ಣದಕ್ಕ ತಲೆಯ ಮೇಲೆ ಕೈಯಿಟ್ಟುಕೊಂಡಳು. ಆದರೂ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ನಾನೂ ನನ್ನ ಬೆಟ್ಟವನ್ನು ಈ ಕಡೆಯಿಂದ ನೋಡಿದ್ದು ಅದೇ ಮೊದಲು. ಹೇಳಿದರೆ ನಂಬುವುದು ಕಷ್ಟ, ಆದರೆ ನಮ್ಮಲ್ಲಿ ಯಾರೂ ಆ ರಸ್ತೆಯನ್ನು ಒಮ್ಮೆಯೂ ಕೆಳಗಿನಿಂದ ಹತ್ತಿರಲಿಲ್ಲ. ನಮ್ಮ ಹತ್ತಿರ ಒಂದು ಕಳ್ಳದಾರಿಯಿದೆ: ನಕ್ಷೆಯ ಮೇಲೆ ಎಲ್ಲಿ ಒತ್ತಿದರೆ ಅಲ್ಲಿ ಸೈಕಲ್ ಬಂದು ಬೀಳುತ್ತದೆ, ಇಳಿಯುವ ದಿಕ್ಕಿಗೆ ಮುಖ ಮಾಡಿ. ಯಾವ ತಿರುವನ್ನು ನೋಡಬೇಕೋ ಅಲ್ಲಿಗೆ ಬೀಳುತ್ತೇವೆ, ಇಳಿಯುತ್ತೇವೆ, ಮತ್ತೆ ಬೀಳುತ್ತೇವೆ.

ಸೇತುವೆ ಬಂತು. ಈ ಸೇತುವೆಯಾಚೆಗೆ ಯಾರೂ ಹೋಗಿರಲಿಲ್ಲ ಎಂದು ಅಣ್ಣ ಹೇಳಿದ. ಅದರ ಆಚೆ ಬದಿಯ ಏರು ಗೋಡೆಯಂತೆ ನಿಂತಿದೆ. ಇಳಿಯುವಾಗ ಸೈಕಲ್ ಅಲ್ಲಿ ಗಾಳಿಗೆ ಹಾರಲಿ ಎಂದು ಹಾಗೆ ಮಾಡಿದ್ದು. ಆಕೆ ಹ್ಯಾಂಡಲ್ ಕುಲುಕಿದರು. ಸೈಕಲ್ ಏರಿತು, ವಾಲಿತು, ಜಾರಿ ಸೇತುವೆಯ ನಡುವಿಗೆ ಬಂತು. ಮತ್ತೆ ಏರಿತು, ಮತ್ತೆ ಜಾರಿತು. ಚಕ್ರದ ಕಾಲುಭಾಗ ಅಂಚಿನಿಂದಾಚೆ ಹೋಯಿತು.

“ಬಿತ್ತು!” ಮಾವ ಕೂಗಿದರು.

“ಬಿದ್ದಿಲ್ಲ, ಬಿದ್ದಿಲ್ಲ, ನೋಡಿ!” ಅಣ್ಣ ಅವರ ಭುಜ ಹಿಡಿದುಕೊಂಡಿದ್ದ.

ಬಿದ್ದಿರಲಿಲ್ಲ. ಸೈಕಲ್ ಅಂಚಿನಲ್ಲಿ ನಿಂತಿತ್ತು. ಆಕೆ ಬ್ರೇಕ್ ಒತ್ತಿ ಹಿಡಿದಿದ್ದರು. ಕುಲುಕಾಟವಿಲ್ಲ, ಏನೂ ಇಲ್ಲ. ಆಮೇಲೆ ಬ್ರೇಕ್ ಬಿಟ್ಟರು. ಸೈಕಲ್ ಒಂದು ಗೇಣು ಮೇಲೆ ಹೋಯಿತು. ಹೋದೊಡನೆ ಎಡಕ್ಕೆ ವಾಲಿತು, ಆಕೆ ಬಲಕ್ಕೆ ಎಳೆದು ನಿಲ್ಲಿಸಿದರು. ಒತ್ತಿದರು, ಬಿಟ್ಟರು, ಇನ್ನೊಂದು ಗೇಣು.

ನಾನು ಎದ್ದು ನಿಂತಿದ್ದೆ. “ಅಣ್ಣ, ಇದು ಅಲ್ಲಾಟದಿಂದ ಆಗ್ತಿರೋದಲ್ಲ.”

“ಏನಲ್ಲ?”

“ಹತ್ತೋದು! ಸೈಕಲ್ ಮೇಲೆ ಹೋಗ್ತಿರೋದು ಅಲ್ಲಾಟದಿಂದ ಅಲ್ಲ. ಅಲ್ಲಾಟ ಆಕೆನ ಬೀಳಿಸ್ತಿದೆ. ತಳ್ತಿರೋದು ಬ್ರೇಕು!”

ಓಡಿಹೋಗಿ ನನ್ನ ಮೇಜಿನ ಮುಂದೆ ಕೂತೆ. ಹಳೆಯ ಪ್ರೋಗ್ರಾಂ ತೆಗೆದೆ. ಒಂದೇ ಒಂದು ಸಾಲು, ನಾನೇ ಬರೆದು ಮರೆತದ್ದು: ಬ್ರೇಕ್ ಬಿಟ್ಟಾಗ ಸೈಕಲ್ಲಿಗೆ ಅದರ ಮುಖವಿರುವ ಕಡೆಗೆ ಒಂದು ಚಿಕ್ಕ ತಳ್ಳು. ಇಳಿಯುವವರು ಬ್ರೇಕ್ ಬಿಟ್ಟಾಗ ಸೈಕಲ್ ಸತ್ತ ಹೆಣದಂತೆ ನಿಲ್ಲಬಾರದೆಂದು ಹಾಕಿದ್ದೆ. ಅಲ್ಲಾಟ ಸರಿಮಾಡುವಾಗ, ಇನ್ನು ಇದೇಕೆಂದು ಗುಡಿಸುವ ಭರದಲ್ಲಿ ಅಳಿಸಿಬಿಟ್ಟಿದ್ದೆ. ಹತ್ತುವುದನ್ನು ಕೊಂದದ್ದು ಆ ಅಳಿಸುವಿಕೆ. ನಾನು ವಾರಗಟ್ಟಲೆ ಅಲ್ಲಾಟದ ಮೇಲೆ ತಪ್ಪು ಹೊರಿಸಿಕೊಂಡು ಓಡಾಡಿದ್ದೆ.

“ಮಾವ! ಎರಡು ಸೈಕಲ್ ಬೇಡ. ಒಂದು ಸಾಲು ವಾಪಸ್ ಹಾಕಿದ್ರೆ ಸಾಕು. ಅಲ್ಲಾಟ ಇರಲ್ಲ, ಹತ್ತೋಕೂ ಆಗುತ್ತೆ!”

ಮಾವನ ಮುಖದಲ್ಲಿ ಒಂದು ಕ್ಷಣ ಖುಷಿ ಬಂತು, ಹೋಯಿತು. “ಪರೀಕ್ಷೆ?”

ಇದು ನಮ್ಮಲ್ಲಿ ಕಲ್ಲಿನ ಮೇಲೆ ಕೆತ್ತಿದ ನಿಯಮ. ಮನುಷ್ಯರ ಕೈ ಆಡಿ ನೋಡದ ಸಾಲು ಹೊರಗೆ ಹೋಗಬಾರದು. ಒಮ್ಮೆ ನಾನು ಹೀಗೇ ‘ಒಂದೇ ಸಾಲು’ ಎಂದು ಸೇರಿಸಿದ್ದೆ. ಮಾರನೇ ದಿನ ಆಟದ ಎಲ್ಲ ಸೈಕಲ್ಲುಗಳೂ ಹ್ಯಾಂಡಲ್ ಮಟ್ಟ ರಸ್ತೆಯೊಳಗೆ ಹೂತುಹೋಗಿದ್ದವು.

“ಈಗಲೇ ಹತ್ತಿ ನೋಡ್ತೀನಿ,” ಎಂದೆ.

ಸಾಲು ಹಾಕಿದೆ. ಬಂದರಿನಲ್ಲಿ ಸೈಕಲ್ ಇಳಿಸಿ ತಿರುಗಿಸಿದೆ. ಒತ್ತಿದೆ, ಬಿಟ್ಟೆ. ಬ್ರೇಕ್ ಬಿಡುವುದಕ್ಕೂ ಪೆಡಲಿಗೂ ಏನೋ ತಾಳಮೇಳ ಬೇಕಿತ್ತು, ಅದು ನನ್ನ ಹೆಬ್ಬೆರಳಿಗೆ ಗೊತ್ತಿರಲಿಲ್ಲ. ಸೈಕಲ್ ಹಿಂದಕ್ಕೆ ಜಾರಿ ಸಮುದ್ರಕ್ಕೆ ಬಿತ್ತು. ಎರಡನೇ ಸಲವೂ ಸಮುದ್ರ. ಬಣ್ಣದಕ್ಕ ನನ್ನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು ಆಡಿದಳು, ಮೀನಿನ ಬುಟ್ಟಿಗಳಿಗೆ ಗುದ್ದಿದಳು. ಅಣ್ಣ ಮೊದಲ ದೀಪದ ಕಂಬದ ತನಕ ಹೋಗಿ “ಹೋದೆ, ಹೋದೆ!” ಎಂದು ಕೂಗುತ್ತಲೇ ಸಮುದ್ರ ಸೇರಿದ.

“ತೆಗೀರಿ ಇಲ್ಲಿ,” ಮಾವ ಅಂಗಿಯ ತೋಳು ಮಡಚಿದರು. ಮಾವ ನಮ್ಮ ಆಟವನ್ನು ಆಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಮೈಯನ್ನೆಲ್ಲ ಸೈಕಲ್ಲಿನ ಜೊತೆ ವಾಲಿಸುತ್ತ ಆಡಿದರು. ಸೈಕಲ್ ಬೀಳುವ ಮೊದಲು ಅವರೇ ಕುರ್ಚಿಯಿಂದ ಬಿದ್ದರು.

“ನಕ್ಕರೆ ನೋಡಿ ಮತ್ತೆ,” ಎಂದರು ನೆಲದಿಂದಲೇ.

ನಾವು ಮಾಡಿದ ಬೆಟ್ಟ, ನಮ್ಮಲ್ಲಿ ಒಬ್ಬರಿಗೂ ಅದರ ಮೊದಲ ತಿರುವು ಮುಟ್ಟಲಾಗಲಿಲ್ಲ. ಹತ್ತಬಲ್ಲವರು ಇದ್ದದ್ದು ಗೋಡೆಯ ಪರದೆಯಲ್ಲಿ. ಮೊಣಕಾಲಜ್ಜಿ ಸೇತುವೆಯ ಏರನ್ನು ದಾಟಿದ್ದರು. ಮೂಲೆಯಲ್ಲಿ ಅಂಚೆ ಕಚೇರಿಯ ಕೆಂಪು ಹೆಂಚಿನ ಮಾಡು ಕಾಣತೊಡಗಿತ್ತು. ಪಕ್ಕದ ಬರಹಗಳಲ್ಲಿ ಅಕ್ಷರಗಳೇ ಉಳಿದಿರಲಿಲ್ಲ, ಬರೀ ಉದ್ಗಾರ.

“ಆಕೆನ ಕೇಳು,” ಎಂದೆ ಅಣ್ಣನಿಗೆ.

“ಈಗಾ? ತಲೆ ನೆಟ್ಟಗಿದೆಯಾ ನಿಂಗೆ? ಹೊಸದು ಹಾಕ್ಬೇಕಂದ್ರೆ ಹಳೇದನ್ನ ಮುಚ್ಚಬೇಕು. ಮುಚ್ಚಿದ್ರೆ ಎಲ್ಲಾ ಹೋಯ್ತು. ಆಟ ನೆನಪಿಟ್ಟುಕೊಳ್ಳೋದು ಕೊನೇ ಪಾರ್ಸೆಲ್ ತನಕ ಮಾತ್ರ. ಬೆಳಿಗ್ಗೆಯಿಂದ ಹತ್ತಿದ್ದಾರೆ ಕಣೇ!”

“ಗೊತ್ತು. ಕೇಳು.”

ಅಣ್ಣ ಮಾವನ ಮುಖ ನೋಡಿದ. ಮಾವ ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತ, “ಪರೀಕ್ಷೆ ಆದ್ರೆ ಹೋಗುತ್ತೆ. ಆಗದಿದ್ರೆ ಪುಟ್ಟಿ ಮೊದಲು ಮಾಡಿದ್ದೇ ಹೋಗುತ್ತೆ. ಆರಕ್ಕೆ ಒತ್ತೋನು ನಾನು,” ಎಂದರು.

ಅಣ್ಣ ಕಂಪನಿಯ ಹೆಸರಿನಲ್ಲೇ ಬರೆದ. ನೋಡುಗರು ಮೊದಲು ನಂಬಲಿಲ್ಲ, ಆಮೇಲೆ ಉಗಿದರು. ಆಕೆಯ ಸೈಕಲ್ ನಿಂತಿತು. ಬ್ರೇಕ್ ಒತ್ತಿ ಹಿಡಿದೇ ಓದುತ್ತಿದ್ದರು ಅನಿಸುತ್ತದೆ.

“ಸೈಕಲ್ ಮಾಡಿದೋರು ಅಲ್ಲಿದ್ದಾರಾ?” ಎಂದಿತು ದನಿ. “ಫೋನ್ ಮಾಡ್ಸಿ. ಟೈಪ್ ಮಾಡೋಕೆ ಕೈ ಬಿಡುವಿಲ್ಲ.”

ಅಣ್ಣ ನಂಬರ್ ತರಿಸಿಕೊಂಡು ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದ.

“ನೀನೇನಮ್ಮ?” ಎಂದರು ಆಕೆ. “ಚಿಕ್ಕ ಹುಡುಗಿ ದನಿ. ನಾನು ಯಾರೋ ಮೀಸೆಯವನು ಅಂದ್ಕೊಂಡಿದ್ದೆ. ಏನು ಸಮಾಚಾರ, ಬೇಗ ಹೇಳು, ನನ್ನ ಹೆಬ್ಬೆರಳು ಮರಗಟ್ತಿದೆ.”

ಹೇಳಿದೆ. ಸಾಲಿನ ವಿಷಯ, ಆರು ಗಂಟೆಯ ವಿಷಯ, ನಮ್ಮಲ್ಲಿ ಯಾರಿಗೂ ಹತ್ತಲು ಬರುವುದಿಲ್ಲ ಎಂಬ ವಿಷಯ. ಕೊನೆಯದಕ್ಕೆ ಆಕೆ ಬಹಳ ಹೊತ್ತು ನಕ್ಕರು. ಸುಳ್ಳು ಹೇಳುವ ಆಸೆ ನನಗಾಗಲಿಲ್ಲ ಎನ್ನಲಾರೆ, ಆದರೂ, “ನೀವು ಹೀಗೇ ಹೋದ್ರೆ ಬಹುಶಃ ಇವತ್ತು ಮೇಲೆ ಮುಟ್ಟುತ್ತೀರಿ. ಮೊದಲು ಮುಟ್ಟಿದೋರು ನೀವೇ ಆಗ್ತೀರಿ,” ಎಂದೆ.

“ಬಹುಶಃ ಏನು, ಮುಟ್ಟೇ ಮುಟ್ತೀನಿ.”

“ಹೌದು.”

“ಆಮೇಲೆ ನೀವು ಬೆಟ್ಟ ಮುಚ್ಚಿಬಿಡ್ತೀರಿ.”

“ಹೌದು.”

ಒಗೆಯುವ ಯಂತ್ರ ನಿಂತಿತ್ತು. ಪರದೆಯ ಮೇಲೆ ಕೆಂಪು ಮಾಡು, ಅದರ ಕೆಳಗೆ ಅಲ್ಲಾಡದೆ ನಿಂತ ಸೈಕಲ್. ಬಣ್ಣದಕ್ಕ ಉಗುರು ಕಚ್ಚುತ್ತಿದ್ದಳು.

“ಯಾರಿಗೂ ಮುರಿಯೋಕಾಗದ ದಾಖಲೆ ಒಂದು ದಾಖಲೇನಾ?” ಎಂದರು ಆಕೆ. “ನನ್ನ ಹಿಂದೆ ಹತ್ತುತ್ತಾ ಇದ್ದಾನೆ ಒಬ್ಬ, ‘ಬಾಳೆಹಣ್ಣು’ ಅಂತ ಹೆಸರು ಇಟ್ಕೊಂಡಿದ್ದಾನೆ. ಆರು ತಿಂಗಳಿಂದ ನನ್ನ ಕಾಲು ಎಳೀತಿದ್ದಾನೆ. ನಾನು ಮೇಲೆ ಹೋದ್ಮೇಲೆ ಅವನು ಹತ್ತೋಕಾಗದೆ ಉಳಿದ್ರೆ, ‘ಆಗ್ತಿತ್ತು, ಬಾಗಿಲು ಮುಚ್ಚಿದ್ರು’ ಅಂತ ಜೀವಮಾನವೆಲ್ಲ ಹೇಳ್ಕೊಂಡು ತಿರುಗ್ತಾನೆ. ಅದಕ್ಕೆ ಬಿಡ್ತೀನಾ? ಕಳಿಸಮ್ಮ ನಿನ್ನ ಹೊಸ ಸೈಕಲ್ಲು.”

ಹಾಗೆಂದು ಬ್ರೇಕನ್ನೂ ಪೆಡಲನ್ನೂ ಬಿಟ್ಟರು. ಸೈಕಲ್ ಹಿಮ್ಮುಖವಾಗಿ ಜಾರಿತು, ಬೆಳಿಗ್ಗೆಯಿಂದ ಹತ್ತಿದ್ದನ್ನೆಲ್ಲ ದಡದಡ ಇಳಿದುಕೊಂಡು ಹೋಗುತ್ತಿರುವಾಗಲೇ ಪರದೆ ಕಪ್ಪಾಯಿತು. ಮುನ್ನೂರು ಜನ ಒಮ್ಮೆಗೇ ಕಿರುಚಿದ್ದನ್ನು ಅಕ್ಷರದಲ್ಲಿ ನೋಡಿದೆ. ಮಾವ “ಛೇ!” ಎಂದು ತೊಡೆಗೆ ಹೊಡೆದುಕೊಂಡರು, ತಮ್ಮದೇ ಬಸ್ಸು ತಪ್ಪಿದಂತೆ.

ಹೊಸದು ಆಕೆಯ ಯಂತ್ರಕ್ಕೆ ಇಳಿಯುವಷ್ಟರಲ್ಲಿ ಗಡಿಯಾರದ ಮುಳ್ಳು ಐದನ್ನು ದಾಟಿ ಬಹಳ ಮುಂದೆ ಹೋಗಿತ್ತು. ನೇರ ಸೇತುವೆಯ ಹತ್ತಿರಕ್ಕೇ ಬೀಳಲೆಂದು ನಮ್ಮ ಕಳ್ಳದಾರಿ ಹೇಳಿಕೊಟ್ಟೆ.

“ಎತ್ಕೊಂಡು ಹೋಗಿ ಕೂರಿಸಿದ್ರೆ ಹತ್ತಿದ ಹಾಗಾಗುತ್ತಾ?” ಎಂದರು. “ಇರಲಿ. ಪರೀಕ್ಷೆಗೆ ಆಯ್ತು, ಲೆಕ್ಕಕ್ಕಲ್ಲ.”

ಆಡಿದರು. ಒತ್ತಿದರು, ಬಿಟ್ಟರು. ಸೈಕಲ್ ಒಂದು ಗೇಣು ಏರಿತು, ನೆಟ್ಟಗೆ ನಿಂತಿತು. ಮತ್ತೆ, ಮತ್ತೆ. ಆ ಗೋಡೆಯಂಥ ಏರನ್ನು ಮೆಟ್ಟಿಲು ಹತ್ತಿದಂತೆ ಹತ್ತಿ, ನಾವು ಉಸಿರು ಬಿಡುವಷ್ಟರಲ್ಲಿ ಆಚೆಗಿದ್ದರು.

“ಆಯ್ತು!” ಮಾವ ಎದ್ದೇಬಿಟ್ಟರು. “ಪರೀಕ್ಷೆ ಆಯ್ತು! ಪುಟ್ಟಿ, ಕಟ್ಟು ಗಂಟು, ಕಳಿಸೋಣ!”

ಅಣ್ಣ ಮೇಜು ಬಡಿಯುತ್ತಿದ್ದ. ನಾನು ಫೋನಿನ ಕಡೆ ಬಾಗಿದೆ.

“ಹೇಗಿದೆ?” ಎಂದೆ.

“ಇದೇನಮ್ಮ ಇದು?” ಎಂದರು ಆಕೆ. “ಅಂಗಡಿಗಳಲ್ಲಿ ತಾನೇ ತಾನಾಗಿ ಮೇಲೆ ಹೋಗೋ ಮೆಟ್ಟಿಲು ಇರುತ್ತಲ್ಲ, ಹಾಗಿದೆ. ಇದನ್ನ ಯಾರು ಕೇಳಿದ್ರು?”

“ಹತ್ತೋಕಾಗ್ಬೇಕು ಅಂತ…”

“ಹತ್ತೋಕಾಗ್ಬೇಕು ಅಂದ್ವಿ. ಹತ್ತಿಸಿ ಅಂದ್ವಾ? ಹೀಗಾದ್ರೆ ನಾಳೆ ಮಧ್ಯಾಹ್ನಕ್ಕೆ ಎಲ್ಲರೂ ಮೇಲೆ ಕೂತಿರ್ತಾರೆ, ಆ ಬಾಳೆಹಣ್ಣೂ ಸೇರಿ. ಅದಕ್ಕೆ ‘ಹೊಸ ಆಟ’ದ ಗುಂಡಿ ಇದೆಯಲ್ಲ. ಬೀಳಿಸದೇ ಇರೋ ಸೈಕಲ್ಲನ್ನ ಬೈಯೋದು ಹೇಗೆ?”

ಮಾವ ನಿಧಾನಕ್ಕೆ ಕೂತರು. “ನೋಡಿದ್ಯಾ,” ಎಂದರು ಅಣ್ಣನಿಗೆ. ಕೋಪವೇನಿರಲಿಲ್ಲ, ಬಸ್ಸಿನ ಹಳೆಯ ಅನುಭವವಿತ್ತು ದನಿಯಲ್ಲಿ. “ಸೀಟು ಕೊಟ್ರೆ, ಮೆತ್ತಗಿದೆ ಅಂತಾರೆ. ಒಬ್ಬೊಬ್ಬರ ಬೆನ್ನಿಗೆ ಒಂದೊಂದು ಸೀಟು ಹೊಲಿಯೋಕಾಗುತ್ತಾ? ಇದಕ್ಕೇ ನಾನು ಹೇಳೋದು.”

ಮಾವನ ಮಾತು ತಪ್ಪೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಬೇಕೆಂದದ್ದನ್ನೆಲ್ಲ ಕೊಡುತ್ತ ಹೋದರೆ ಆಟ ಹಳೇ ಬಟ್ಟೆಯ ಮೂಟೆಯಾಗುತ್ತದೆ. ಆದರೆ ಆಕೆ ಕೇಳಿದ್ದು ಹೆಚ್ಚಿನದನ್ನಲ್ಲ. ನಾನು ಕೆಟ್ಟದ್ದೆಂದು ತಿಂಗಳುಗಟ್ಟಲೆ ಬೇಟೆಯಾಡಿದ ಅದೇ ಅಲ್ಲಾಟವನ್ನು. ಇಳಿಯುವವನಿಗೆ ಅದು ಕಾಟ, ಹತ್ತುವವರಿಗೆ ಅದೇ ಆಟ. ಮುಖ ಯಾವ ಕಡೆಗಿದೆ ಅನ್ನುವುದರ ಮೇಲೆ.

ಮುಖ ಯಾವ ಕಡೆಗಿದೆ!

“ಮಾವ, ಪಂದ್ಯ ಎಲ್ಲಾ ಇಳಿಯೋದರಲ್ಲೇ ತಾನೇ?”

“ಮತ್ತೆ?”

“ಸೈಕಲ್ಲಿನ ಮುಖ ಮೇಲಕ್ಕಿದ್ರೆ ಹಳೇ ಅಲ್ಲಾಟ, ಹಳೇ ತಳ್ಳು. ಕೆಳಕ್ಕಿದ್ರೆ ಹೊಸದು. ಒಂದೇ ಸೈಕಲ್ಲು! ಇಳಿಯೋರಿಗೆ ಗೊತ್ತೇ ಆಗಲ್ಲ, ಅವರ ಲೆಕ್ಕ ಕೆಡಲ್ಲ. ಇಳಿಯೋದನ್ನೆಲ್ಲ ಆಗಲೇ ಪರೀಕ್ಷೆ ಮಾಡಿದೀವಿ. ಹತ್ತೋದನ್ನ ಮಾತ್ರ ನೋಡಿದ್ರೆ ಸಾಕು.”

ಮಾವ ಗಡಿಯಾರ ನೋಡಲಿಲ್ಲ. ಅದನ್ನು ಗೋಡೆಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. “ಬರಿ.”

ಬರೆದೆ. ಅಷ್ಟು ವೇಗವಾಗಿ ನಾನು ಯಾವತ್ತೂ ಬರೆದಿಲ್ಲ, ಅಷ್ಟು ತಪ್ಪು ಅಕ್ಷರವನ್ನೂ ಒತ್ತಿಲ್ಲ. ಬಣ್ಣದಕ್ಕ ನನ್ನ ಬೆನ್ನ ಹಿಂದೆ ನಿಂತು ಅಲ್ಪವಿರಾಮ ಬಿಟ್ಟಲ್ಲೆಲ್ಲ ಬೆರಳು ತೋರಿಸುತ್ತಿದ್ದಳು. ಅಣ್ಣ ಫೋನಿನಲ್ಲಿ ಆಕೆಯನ್ನು ಮಾತಾಡಿಸುತ್ತ ಹಿಡಿದಿಟ್ಟಿದ್ದ. ಮೊಣಕಾಲಿಗೆ ಯಾವ ಎಣ್ಣೆ ಒಳ್ಳೆಯದೆಂದು ಕೇಳುತ್ತಿದ್ದ. ನಮ್ಮ ಕಡೆಯಿಂದ ಒಂದು ಇಳಿತವನ್ನು ನಾನೇ ಆಡಿದೆ: ಬೆಣ್ಣೆಯಂತೆ ಇಳಿಯಿತು. ಆಮೇಲೆ ಆಕೆಗೆ ಕಳಿಸಿದೆ. ಬರುತ್ತಿದೆ ಎನ್ನುವ ಹಸಿರು ಪಟ್ಟಿ ಬಸವನಹುಳುವಿನಂತೆ ತೆವಳಿತು.

“ಬಂತಾ?”

“ಬರ್ತಿದೆ.”

“ಬಂತಾ?”

“ಪುಟ್ಟಿ, ಆ ಹೆಂಗಸು ನಿನ್ನ ಫೋನ್ ಇಟ್ಟುಬಿಡ್ತಾರೆ ಈಗ,” ಎಂದ ಅಣ್ಣ.

ಬಂತು. ಸೇತುವೆಯ ಬುಡದಲ್ಲಿ ಸೈಕಲ್ ಬಿತ್ತು. ಆಕೆ ಅದನ್ನು ಮೇಲ್ಮುಖವಾಗಿ ತಿರುಗಿಸಿದರು. ಹ್ಯಾಂಡಲ್ ನಡುಗಿತು. ಬ್ರೇಕ್, ಬಿಡು, ಒಂದು ಗೇಣು, ವಾಲಿತು, ಎಳೆದರು, ತಪ್ಪಿತು, ಸೈಕಲ್ ಸೇತುವೆಯಿಂದ ನೇರ ಕಣಿವೆಗೆ.

ಕೆಳಗಿನ ಅಂಗಡಿಯಲ್ಲಿ ಯಾರೋ ಟೈರಿನಿಂದ ಗಾಳಿ ಬಿಟ್ಟರು.

“ಸರಿ ಇದೆಯಾ? ಹೇಗಿದೆ?” ಎಂದೆ.

ಇನ್ನೊಂದು ಸೈಕಲ್ ಸೇತುವೆಗೆ ಬಿತ್ತು. ಒಂದು ಗೇಣು, ಎರಡು ಗೇಣು. ಅಂಚಿಗೆ ಹೋಯಿತು, ನಿಂತಿತು. ಮೂರು.

“ಅಮ್ಮಾ, ಕೇಳಿಸ್ತಿದೆಯಾ? ಕಳಿಸ್ಬಹುದಾ?” ಮಾವ ಫೋನಿಗೆ ಬಾಯಿಟ್ಟು ಕೂಗಿದರು. ಗಡಿಯಾರ ಅವರ ತೊಡೆಯ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು.

“ಯಾರ್ರೀ ಅದು ನಡುವೆ ಬಾಯಿ ಹಾಕೋದು!” ಎಂದಿತು ದನಿ. “ಸುಮ್ಮನಿರಿ, ಇವನು ಜಾರ್ತಿದ್ದಾನೆ. ಏಯ್! ಬಾರೋ ಈ ಕಡೆ, ಬಾ, ಬಾ, ಬಾ…”

ಮಾವ ನನ್ನನ್ನು ನೋಡಿದರು. ನಾನು ತಲೆ ಆಡಿಸಿದೆ. ಅವರು ಒತ್ತಿದರು.

ಆನ್‌ಲೈನ್ ಅಂಗಡಿಯವರಿಂದ ‘ಸ್ವೀಕರಿಸಲಾಗಿದೆ’ ಎಂದು ಬಂದಾಗ ನಾವು ನಾಲ್ವರೂ ಏನು ಕೂಗಿದೆವೋ ಗೊತ್ತಿಲ್ಲ, ಕೆಳಗಿನ ಟೈರ್ ಅಂಗಡಿಯವನು ಬೆಂಕಿ ಬಿತ್ತೆಂದು ಮೆಟ್ಟಿಲು ಹತ್ತಿ ಓಡಿಬಂದ. ಮಾವ ಅವನನ್ನೇ ಅಪ್ಪಿಕೊಂಡರು. ಮೊಣಕಾಲಜ್ಜಿ ಯಾವಾಗಲೋ ಫೋನ್ ಇಟ್ಟಿದ್ದರು. ಆ ದಿನ ಅವರು ಮೇಲೆ ಮುಟ್ಟಲಿಲ್ಲ. ಆ ತಿಂಗಳಲ್ಲೂ ಮುಟ್ಟಲಿಲ್ಲ. ಧನ್ಯವಾದದ ಒಂದು ಸಾಲೂ ಬರಲಿಲ್ಲ, ಬೇಕೂ ಇರಲಿಲ್ಲ.

ಮೊದಲ ಪುಟದಿಂದ ಹೊಸ ಆಟಗಾರರು ಸಾಲುಗಟ್ಟಿ ಬರತೊಡಗಿದರು. ಸೈಕಲ್ಲುಗಳು ನೂರಾರು, ಆಮೇಲೆ ಸಾವಿರಾರು, ಬೆಟ್ಟವಿಡೀ ಇಳಿಯುತ್ತಿದ್ದವು, ಒಂದೂ ನಡುಗದೆ. ನಾನು ನೋಡುತ್ತಲೇ ಇದ್ದೆ. ಅಣ್ಣ ಅಷ್ಟರಲ್ಲಿ ತನ್ನ ಜಾಗಕ್ಕೆ ಹೋಗಿ ದೂರಿನ ಪೆಟ್ಟಿಗೆ ತೆರೆದಿದ್ದ. ಇದ್ದಕ್ಕಿದ್ದಂತೆ ತಲೆ ಎತ್ತಿದ.

“ಮಾವ, ಮೊದಲನೇದು ಬಂತು. ‘ಅಲ್ಲಾಟ ಎಲ್ಲಿ ಹೋಯಿತು? ಇಳಿಯುವಾಗ ಅದರಲ್ಲೇ ಮಜಾ ಇತ್ತು. ದಯವಿಟ್ಟು ವಾಪಸ್ ಕೊಡಿ.’”

ಮಾವನ ಕೈ ಟೈರ್ ಅಂಗಡಿಯವನ ಹೆಗಲ ಮೇಲೇ ನಿಂತಿತು. “ಎಷ್ಟು ಜನ?”

“ಒಬ್ಬ.”

ಮೂವರೂ ನನ್ನ ಕಡೆ ತಿರುಗಿದರು.

“ಸೈಕಲ್ ತಿರುಗಿಸಪ್ಪಾ ಅಂತ ಬರಿ ಅವನಿಗೆ,” ಎಂದೆ.